ಮಗ್ಗದ ಮನೆಯವನ ಕಿವಿ ಮಷೀನು

ಹದಿನಾಲ್ಕು ಸಾವಿರ ಹೇಳಿದ್ದನ್ನು ಒಂಬತ್ತು ಸಾವಿರದ ಇನ್ನೂರಕ್ಕೆ ಇಳಿಸಿ ತಂದೆ. ಕಿವಿಯ ಹಿಂದೆ ಕೂರುವ, ಹುಣಸೆ ಬೀಜಕ್ಕಿಂತ ತುಸು ದೊಡ್ಡದಾದ ಮಷೀನು. ಕೇಳಿಸಲಿ ಅಂತ ತಂದೆ ಎಂದು ತಿಳಿದುಕೊಂಡರೆ ತಪ್ಪು. ಕೇಳಿಸದೆ ನನಗೇನೂ ತೊಂದರೆ ಇರಲಿಲ್ಲ. ಈ ವಯಸ್ಸಿನಲ್ಲಿ ಜನ ಹೇಳುವುದರಲ್ಲಿ ಅರ್ಧ ಕೇಳದಿದ್ದರೇ ಲಾಭ. ನನ್ನ ಮನೆಯಲ್ಲಿ ನಾನು ಇರಬೇಕು ಅನ್ನುವ ಒಂದೇ ಕಾರಣಕ್ಕೆ ಅದನ್ನು ತಂದೆ.

ನಾನು ಬನಹಟ್ಟಿಯವನು. ನಲವತ್ತು ವರ್ಷ ಪವರ್ ಲೂಮುಗಳ ನಡುವೆ ಬದುಕಿದೆ. ಮೊದಲು ಪರರ ಮಗ್ಗದಲ್ಲಿ ಕೂಲಿ, ಆಮೇಲೆ ನನ್ನವೇ ನಾಲ್ಕು ಮಗ್ಗ. ಮೊಣಕಾಲು ಸೋತಾಗ ನಾಲ್ಕನ್ನೂ ಒಳ್ಳೆಯ ರೇಟಿಗೆ ಮಾರಿ ನಿವೃತ್ತನಾದೆ. ಮಗ್ಗ ಹೋದವು, ಅವು ತಿಂದ ಕಿವಿ ಮಾತ್ರ ವಾಪಸು ಬರಲಿಲ್ಲ. ಹೆಂಡತಿ ನೀಲವ್ವ ಇರುವತನಕ ಅದು ಗೊತ್ತೇ ಆಗಿರಲಿಲ್ಲ. ಅವಳು ಹೋಗಿ ಮೂರು ವರ್ಷ. ಆ ಮೂರು ವರ್ಷದಲ್ಲಿ ನಾನು ಮನೆಯ ತುಂಬ ಮಷೀನು ತಂದು ಇಟ್ಟೆ. ಕರೆಂಟಿನ ಅನ್ನದ ಕುಕ್ಕರು, ರಿಮೋಟಿನ ಫ್ಯಾನು, ಸೊಳ್ಳೆ ಹೊಡೆಯುವ ಬ್ಯಾಟು ಎರಡು. ಒಂದೇ ಕೊಂಡರೆ ದುಬಾರಿ ಬೀಳುತ್ತದೆ ಅಂದ ಅಂಗಡಿಯವನು, ಅದಕ್ಕೇ ಎರಡು. ಕೊಂಡ ವಾರದೊಳಗೆ ಪ್ರತಿಯೊಂದನ್ನೂ ಬಿಚ್ಚಿ ನೋಡುತ್ತೇನೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯುತ್ತದೆ. ಅದನ್ನು ಡಬ್ಬಿಯಲ್ಲಿ ಹಾಕುತ್ತೇನೆ. ಡಬ್ಬಿ ತುಂಬುತ್ತ ಬಂದಿದೆ, ಮಷೀನುಗಳೂ ನಡೆಯುತ್ತಿವೆ.

ಹಾಗೆ ಮಿಕ್ಸರ್ ಬಿಚ್ಚಿ ಹರವಿಕೊಂಡು ಕೂತಿದ್ದ ಒಂದು ಮಧ್ಯಾಹ್ನ, ಮುಧೋಳಕ್ಕೆ ಕೊಟ್ಟ ನನ್ನ ಮಗಳು ಸಾವಿತ್ರಿ ಬಂದು ಬಾಗಿಲು ಬಡಿದಳು. ಅರ್ಧ ತಾಸು ಬಡಿದಳಂತೆ. ಫೋನು ಹಚ್ಚಿದಳಂತೆ. ಕಡೆಗೆ ಪಕ್ಕದ ಮನೆಯ ಮಲ್ಲಪ್ಪ ಮಾಳಿಗೆ ಹತ್ತಿ ಇಳಿದು ಒಳಗೆ ಬಂದು ನನ್ನ ಭುಜ ಅಲುಗಿಸಿದ. ಅಗಳಿ ತೆಗೆದರೆ ಸಾವಿತ್ರಿಯ ಮುಖ ಸುಣ್ಣವಾಗಿತ್ತು.

"ಯಪ್ಪಾ, ನಂದ ಜೀವಾನ ಹೋಗಿತ್ತು! ಒಳಗ ಏನಾಗೇತಿ ಅಂತ ತಿಳಕೋಬೇಕು ನಾ? ಆತು, ಇನ್ನ ಮುಗೀತು. ಮನಿಗೆ ಕೀಲಿ ಹಾಕು, ಮುಧೋಳಕ್ಕ ನಡಿ."

ಅಳಿಯ ಒಳ್ಳೆಯವನು, ಬೀಗರೂ ಒಳ್ಳೆಯವರು. ಆದರೆ ಒಳ್ಳೆಯವರ ಮನೆಯಲ್ಲಿ ಮಿಕ್ಸರ್ ಬಿಚ್ಚಲಿಕ್ಕೆ ಬರುವುದಿಲ್ಲ. ಒಂದು ತಿಂಗಳ ಗಡುವು ಬೇಡಿದೆ. "ಕಿವಿ ಮಷೀನ್ ತರತೇನಿ. ಆಮ್ಯಾಲ ನೀನ ಬಂದು ಪರೀಕ್ಷಾ ಮಾಡು. ಫೇಲಾದ್ರ ಗಂಟು ಕಟ್ಟತೇನಿ," ಅಂದೆ. ಒಪ್ಪಿದಳು.

ಜಮಖಂಡಿಯ ಅಂಗಡಿಯಲ್ಲಿ ಹದಿನಾಲ್ಕಕ್ಕಿಂತ ಕಡಿಮೆ ಇಲ್ಲ ಅಂದರು. ನಾನು ಮುಖ ಸಣ್ಣದು ಮಾಡಿ ಕೂತೆ. ಮಾಲಕ ಗಾಜಿನ ಕೋಣೆಯೊಳಗೆ ಹೋಗಿ ಪಾಲುದಾರನ ಜೊತೆ ಮಾತಿಗೆ ನಿಂತ. ಪಾಪ, ಮಗ್ಗದ ಮನೆಯವರು ತುಟಿ ನೋಡಿ ಮಾತು ತಿಳಿಯುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. "ಒಂಬತ್ತು ಬಂದ್ರೂ ಕೊಟ್ಟ ಬಿಡೂಣು," ಅಂದ. ಹೊರಗೆ ಬಂದ ಕೂಡಲೇ "ಒಂಬತ್ತು" ಅಂದೆ. ಅವನು ಗಾಜು ನೋಡಿದ, ನನ್ನ ನೋಡಿದ. "ಇಷ್ಟ ಛಲೋ ಕೇಳತೈತಲ್ರೀ ಅಜ್ಜಾರ, ಮಷೀನ್ ಯಾಕ ಬೇಕ್ರಿ ನಿಮಗ?" ಅಂದ. ಅವನ ಮುಖ ನೋಡಿ ಇನ್ನೂರು ಜಾಸ್ತಿ ಕೊಟ್ಟೆ. ಆದರೆ ಸೆಲ್ಲಿನ ಪಾಕೀಟನ್ನು ಅಲ್ಲಿ ಕೊಳ್ಳಲಿಲ್ಲ. ಸಂತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು. ಈ ಜಾಣತನವನ್ನು ನೆನಪಿಡಿ.

ಮನೆಗೆ ಬಂದು ಹಾಕಿಕೊಂಡೆ. ಗಡಿಯಾರಕ್ಕೆ ಸದ್ದಿತ್ತು. ಫ್ಯಾನಿಗೆ ಕೀರಲು ದನಿ ಇತ್ತು. ನನ್ನ ಚಪ್ಪಲಿ ನನ್ನ ಹಿಂದೆಯೇ ಯಾರೋ ಬಂದ ಹಾಗೆ ಸದ್ದು ಮಾಡುತ್ತಿತ್ತು. ಇಷ್ಟೆಲ್ಲ ಕೇಳುವಾಗ ನೀಲವ್ವನ ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ಕೂತೆ. ನೆನಪಾಗಲಿಲ್ಲ. ನೆನಪಾದದ್ದೆಲ್ಲ ಅವಳ ಕೈ. ಮಗ್ಗದ ಗದ್ದಲದಲ್ಲಿ ನಮ್ಮ ಸಂಸಾರವೆಲ್ಲ ಕೈಯಲ್ಲೇ ನಡೆಯಿತು. ನಾನು ಸೀರೆ ನೇಯುತ್ತಿದ್ದೆ, ಅವಳು ಆ ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಬೆರಳು ಕೊಕ್ಕೆ ಮಾಡಿದರೆ ಎಳೆ ಹರಿದಿದೆ. ಮೂಗು ಮುಟ್ಟಿದರೆ ಮೂಗುಬೊಟ್ಟಿನ ಅತ್ತೆ ಬಂದರು. ಐದು ಬೆರಳು ಕೂಡಿಸಿ ಗಲ್ಲಕ್ಕೆ ತಾಗಿಸಿದರೆ ಉಂಡೆಯಾ ಅಂತ. ಬಾಯಿಗೆ ತಾಗಿಸುವುದು ಎಲ್ಲರ ಸನ್ನೆ, ಗಲ್ಲಕ್ಕೆ ತಾಗಿಸುವುದು ಅವಳೊಬ್ಬಳದೇ. ಜಗಳವೂ ಹಾಗೇ. ಸಿಟ್ಟು ಬಂದರೆ ಬೆನ್ನು ತಿರುಗಿಸುತ್ತಿದ್ದಳು. ಕೈ ಕಾಣದ ಮೇಲೆ ನಾನು ಯಾರಿಗೆ ಉತ್ತರ ಕೊಡಲಿ? ಒಂಬತ್ತು ಸಾವಿರದ ಮಷೀನು ಅವಳ ಒಂದು ಮಾತನ್ನೂ ಹಿಡಿಯಲಾರದು. ತೆಗೆದು ಡಬ್ಬಿಯಲ್ಲಿಟ್ಟೆ. ಸೆಲ್ಲೂ ಉಳಿಯಿತು ಅನ್ನಿ.

ತಿಂಗಳು ತುಂಬಿದ ಭಾನುವಾರ ಸಾವಿತ್ರಿ ಬಂದಳು. ಮಷೀನು ಸಿಕ್ಕಿಸಿಕೊಂಡೆ. ಸಂತೆಯ ಸೆಲ್ಲು ಎರಡು ನಿಮಿಷ ಕುಂಯ್‌ಗುಟ್ಟಿ ಸತ್ತಿತು. ಇನ್ನೊಂದು ಹಾಕಿದೆ, ಅದು ಮೊದಲೇ ಸತ್ತಿತ್ತು. ಅವಳು ನನಗೆ ಬೆನ್ನು ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಪರೀಕ್ಷೆ ಸುರು ಮಾಡಿದಳು. ಆದರೆ ಅವಳೆದುರು ನೀಲವ್ವನ ಗಾಜಿನ ಕಪಾಟು ಇತ್ತು, ಗಾಜಿನಲ್ಲಿ ಸಾವಿತ್ರಿಯ ತುಟಿ ಇತ್ತು.

"ಇವತ್ತ ಏನ್ ಪಲ್ಯಾ ಮಾಡೀದಿ?"

"ಹೀರೀಕಾಯಿ."

"ಗುಳಿಗಿ ತಗೊಂಡಿ?"

"ಎರಡೂ."

ಮೂರನೆಯದನ್ನೂ ಗೆದ್ದೆ. ನಾಲ್ಕನೆಯದಕ್ಕೆ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನು ಧೈರ್ಯ ಮಾಡಿ, "ಹೂಂ, ಛಲೋ ಆತು ಬಿಡು," ಅಂದೆ.

ತಿರುಗಿದಳು. "ಯಪ್ಪಾ, ನಮ್ಮ ಎಮ್ಮಿ ಸತ್ತೈತಿ ಅಂದೆ ನಾ!"

ಎಮ್ಮೆ ಸತ್ತಿರಲಿಲ್ಲ, ಅದು ಬಲೆ. ನಾನು ಬಿದ್ದಿದ್ದೆ. ಕೊಟ್ಟ ಮಾತು ಮಾತೇ. ಎದ್ದು ಹೋಗಿ ಚೀಲ ತಂದು ಧೋತರ ಮಡಿಸಿ ಇಡಲು ಸುರು ಮಾಡಿದೆ. ಸ್ಕ್ರೂ ಡಬ್ಬಿಯನ್ನು ಇಡಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ನಿಂತಾಗ ತಲೆ ಎತ್ತಿದೆ. ಸಾವಿತ್ರಿ ಬಾಯಿ ತೆರೆಯಲಿಲ್ಲ. ಐದು ಬೆರಳು ಕೂಡಿಸಿ ಗಲ್ಲಕ್ಕೆ ತಾಗಿಸಿದಳು.

ಇಲ್ಲ ಅಂತ ಕೈಯಲ್ಲೇ ಹೇಳಿದೆ. ಏಕೆ ಅಂತ ಕೇಳಿದಳು. ಹಸಿವಿಲ್ಲ ಅಂದೆ. ಸುಳ್ಳು ಅಂದಳು. ಇಲ್ಲಿಂದ ಹೋಗಲು ಮನಸ್ಸಿಲ್ಲ ಅನ್ನುವುದಕ್ಕೆ ನಮ್ಮಲ್ಲಿ ಸನ್ನೆ ಇರಲಿಲ್ಲ, ನೆಲ ಮುಟ್ಟಿ ತೋರಿಸಿದೆ. ಹತ್ತು ನಿಮಿಷ ಹಾಗೇ ಕಳೆಯಿತು. ಅಷ್ಟು ಚೆನ್ನಾಗಿ ನಾನು ಯಾರ ಜೊತೆಗೂ ಮಾತಾಡಿ ಮೂರು ವರ್ಷವಾಗಿತ್ತು. ಕಡೆಗೆ ಅವಳು ಮುಖ ಒರೆಸಿಕೊಂಡು ನನ್ನ ಫೋನು ಕಸಿದು ಅದೇನೋ ಒತ್ತಿ ತೋರಿಸಿದಳು. ಮುಖ ಕಾಣುವ ಕಾಲ್.

"ಮುಂಜಾನಿಗೊಮ್ಮಿ, ಸಂಜಿಗೊಮ್ಮಿ. ಫೋನ್ ಅಂಗಿ ಕಿಸೆದಾಗ ಇರಲಿ, ನಡಗಿದ್ರ ಗೊತ್ತಾಗತೈತಿ. ಒಂದ ಕೀಲಿ ಮಲ್ಲಪ್ಪನ ಕಡೆ ಕೊಡು. ಮೂರ್ ಸರತಿ ಹಚ್ಚಿದಾಗ ಎತ್ತಲಿಲ್ಲ ಅಂದ್ರ, ಬಸ್ ಹಿಡದು ಬಂದು ಎತಗೊಂಡು ಹೋಗತೇನಿ."

ಹೀಗೆ ನನ್ನ ಮನೆ ನನಗೆ ಉಳಿಯಿತು.

ನಿಮ್ಮ ಮನೆಯಲ್ಲೂ ಕಿವಿ ಮಂದವಾದವರು ಇದ್ದರೆ ಅನುಭವದ ಮಾತು ಹೇಳುತ್ತೇನೆ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಮಾತಿಗೆ ಎರಡೂ ಕೈ ಬೇಕು. ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿ. ಕಿಟಕಿ ಬೆನ್ನಿಗೆ ಬೇಡ, ಮುಖಕ್ಕೆ ಇರಲಿ. ಎಲ್ಲಕ್ಕಿಂತ ಮುಖ್ಯ, ಹಿಂದೆ ಒಲೆ ಕಾಣುವ ಹಾಗೆ ಕೂರಬೇಡಿ. ಮೊನ್ನೆ ನನ್ನ ಬೆನ್ನ ಹಿಂದೆ ಹಾಲು ಉಕ್ಕಿ ಹರಿದದ್ದನ್ನು ಮುಧೋಳದಲ್ಲಿ ಕೂತವಳು ನನಗಿಂತ ಮೊದಲು ನೋಡಿದಳು. ಬೈಯುವ ಸನ್ನೆಗಳನ್ನೂ ನೀಲವ್ವ ಮಗಳಿಗೆ ಒಂದೂ ಬಿಡದೆ ಕಲಿಸಿ ಹೋಗಿದ್ದಾಳೆ.