ಖಾಲಿ ಫೈಲು ಕೊಟ್ಟ ಮಾವ

ನಮ್ಮ ಸೋದರಮಾವನೊಡನೆ ವಾದಕ್ಕೆ ಕೂತು ಗೆದ್ದವರಿಲ್ಲ. ಕಂಪ್ಯೂಟರನ್ನೂ ಹಾಗೇ ಸೋಲಿಸಬಹುದೆಂದು ಅವರು ನಂಬಿದ್ದರು! ಚಾಮರಾಜನಗರದ ಕಾಲೇಜಿಗೆ ಚರ್ಚಾಸ್ಪರ್ಧೆಯ ಕಪ್ಪು ತಂದುಕೊಟ್ಟ ನಾನೂ ಗುಂಡ್ಲುಪೇಟೆಯ ಅವರ ಅಂಗಡಿಯಿಂದ ಬಾಯಿ ಮುಚ್ಚಿಕೊಂಡು ಎದ್ದುಬಂದವನೇ.

ಸಿದ್ಧ ಸರಕು ಅವರಿಗಾಗದು. ಕಾಫಿಬೀಜ ತಂದು, ತಾವೇ ಹುರಿದು, ಸೀಯಿಸಿ, "ಇದು ಕಣ್ಲಾ ಕಾಫಿ!" ಅನ್ನುವರು. ನಾವೂ ಕುಡಿಯಬೇಕು. ಬೇರೆ ದಾರಿ?

ಅಂಗಡಿ ಹೆಸರಿಗೆ ಮಾವನದು. ಇಂಗ್ಲಿಷ್ ಜಾಬ್ ಟೈಪಿಂಗ್ ಮಾಡಿ ನಡೆಸುತ್ತಿದ್ದವಳು ಅತ್ತೆ. ಸಕ್ಕರೆ ಕಾಯಿಲೆ ಅವಳ ಕಣ್ಣಿಗಿಳಿದಿತ್ತು. ಪಕ್ಕದ ಹಂಗಳ ಊರಿನವರೊಬ್ಬರ ಅರ್ಜಿಯಲ್ಲಿ ಸಾಲು ಬಿಟ್ಟು ಹೊಡೆದು ಬೈಸಿಕೊಂಡ ದಿನ, "ಇನ್ ನನ್ ಕೈಲಾಗಲ್ಲ ಕನಿ, ಮುಚ್ಬುಡನ" ಎಂದಳು. ತೆರೆಯ ಅಕ್ಷರವನ್ನು ಹಿಗ್ಗಿಸಿ ತೋರಿಸುವ ಪ್ರೋಗ್ರಾಂ ಇದ್ದರೆ ಅವಳ ಕೆಲಸ ಉಳಿಯುತ್ತಿತ್ತು.

"ಎಲ್ಲರ ಥರ ವಿಂಡೋಸ್ ಹಾಕ್ಸಿ ಮಾವ."

"ಕದ್ದ ಕಾಪಿ ನನ್ನಂಗಡಿಗೆ ಬ್ಯಾಡ ಕಣ್ಲಾ."

ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದರು. ಅದರಲ್ಲಿದ್ದ ಅಕ್ಷರ ಹಿಗ್ಗಿಸುವ ಪ್ರೋಗ್ರಾಂ ಬರೀ ಸೋರ್ಸ್ ರೂಪದಲ್ಲಿ, ಹುರಿಯದ ಬೀಜದ ಹಾಗೆ, ಇತ್ತು. ಅದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ನಾವೇ ಕಂಪೈಲ್ ಮಾಡಿಕೊಳ್ಳಬೇಕು. ಮಾವನಿಗೆ ಇನ್ನೇನು ಬೇಕು! ಹೆಂಡತಿಯ ಕಣ್ಣು ಮಂಜಾಗುತ್ತಿದ್ದರೂ ತತ್ವ ಮಾತ್ರ ಫಳಫಳ ಹೊಳೆಯುತ್ತಿತ್ತು.

ಕಂಪೈಲರ್ ಶುರುವಿನಲ್ಲೇ ನಿಂತಿತು: ಇಂಥ ಹೆಡರ್ ಫೈಲ್ ಇಲ್ಲ. ತೆರೆಯ ಮೇಲೆ ಚಿತ್ರ ಮೂಡಿಸುವ ಕೆಲಸಗಳ ಪರಿಚಯವಿರುವ ಫೈಲು ಅದು; ಅದಿಲ್ಲದೆ ಮುಂದಿನದು ಕಂಪೈಲರಿಗೆ ಅರ್ಥವಾಗದು. ಮಾವ ಏನು ಮಾಡಿದರು ಗೊತ್ತೇ? ಅದೇ ಹೆಸರಿನ ಖಾಲಿ ಫೈಲೊಂದನ್ನು ಮಾಡಿಟ್ಟುಬಿಟ್ಟರು!

"ಫೈಲ್ ಇಲ್ಲ ಅಂತು, ಕೊಟ್ಟೆ. ಒಳಗೇನದೆ ಅಂತ ಅದ್ಯಾಕ್ ಕೇಳದು?"

ಕೇಳಿತು. ತೆರೆ ತುಂಬ ತಪ್ಪುಗಳು ಸುರಿದವು. ಇನ್ನೊಂದು ಹೆಡರ್, ಇನ್ನೊಂದು ಖಾಲಿ ಫೈಲು. ಹೀಗೇ ವಾರಗಟ್ಟಲೆ ಜಗಳ!

ಕಡೆಗೆ ಕೇಳಿದೆ: "ಲಿನಕ್ಸ್ ಹಾಕ್ದಾಗ ಡೆವಲಪ್‌ಮೆಂಟ್ ಅನ್ನೋ ಭಾಗಾನೂ ಹಾಕಿದ್ರಾ?"

"ಡಿಸ್ಕಲ್ಲಿ ಜಾಗ ಎಲ್ಲದೆ? ನಾವೇನ್ ಡೆವಲಪ್ ಮಾಡ್ಬೇಕಾಗದೆ ಅಂತ ಬುಟ್ಬುಟ್ಟೆ."

ಹೆಡರ್‌ಗಳೆಲ್ಲ ಅದರಲ್ಲೇ ಇದ್ದವು. ಅದೇ ಸಿ.ಡಿ.ಯಲ್ಲಿ, ಅದೇ ಮೇಜಿನ ಮೇಲೆ!

"ನಿಮ್ಮ ವಾದ ಗೆಲ್ತು ಮಾವ. ಕೂತು ಕಾದವರು ಮಾತ್ರ ಅತ್ತೆ," ಎಂದೆ. ಮಾವ ಜಾಗಕ್ಕಾಗಿ ತಮ್ಮ ಪ್ರೀತಿಯ ಚೆಸ್ ಆಟವನ್ನು ತಾವೇ ಅಳಿಸಿದರು. ಖಾಲಿ ಫೈಲುಗಳನ್ನು ಕಿತ್ತು, ಆ ಭಾಗ ಹಾಕಿ, ಮತ್ತೆ ಕಂಪೈಲ್ ಮಾಡಿದೆವು. ಪ್ರೋಗ್ರಾಂ ಎದ್ದಿತು.

ಮಾವ ಅತ್ತೆಯನ್ನು ತೆರೆಯ ಮುಂದೆ ಕೂರಿಸಿದರು. "ಈಗ ಕಾಣ್ತದಾ?"

"ಓ, ಚೆಂದಾಗ್ ಕಾಣ್ತದ ಕನಿ! ಎಷ್ಟ್ ದೊಡ್ಡಕ್ಷರ!"

ತೆರೆಯಲ್ಲಿ ಆಗ ಹಿಗ್ಗಿ ನಿಂತಿದ್ದದ್ದು ಎರಡು ಸಾಲುಗಳ ನಡುವಿನ ಬಿಳಿ ಜಾಗ. ಅಕ್ಷರವೇ ಇರಲಿಲ್ಲ. ನಾನು ಮಾವನತ್ತ ನೋಡಿದೆ, ಅವರೂ ಅದನ್ನು ಗಮನಿಸಿದ್ದರು. ಎದುರಿನವರ ಸುಳ್ಳನ್ನು ಎಂದೂ ಬಿಡದ ಮನುಷ್ಯ, ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತು ಅರ್ಜಿಯೊಂದನ್ನು ಎತ್ತಿಕೊಂಡರು.

"ಕಾಣ್ತದಲ್ಲ, ಸರಿ ಬುಡು. ಆದ್ರೂ ನಾನ್ ಓದ್ತೀನಿ ಕಣಮ್ಮಿ, ನೀನ್ ಹೊಡಿ."

ಕೀಲಿಗಳೆಲ್ಲಿವೆಯೆಂದು ಅವಳ ಬೆರಳಿಗೆ ಗೊತ್ತಿತ್ತು. ಮಾವ ಒಂದು ಪದ ಓದಿದರು. ಅವಳು ಹೊಡೆದು ಮುಗಿಸುವವರೆಗೂ ಸುಮ್ಮನೆ ಕಾದು, ಇನ್ನೊಂದು ಓದಿದರು.