ಗೇಣುದ್ದದ ಕಾರು, ಮಾರುದ್ದದ ಸಿಟ್ಟು

ನಾನು ಕೈಯಾರೆ ಏನೇ ಮಾಡಲಿ, ಅದನ್ನು ಇನ್ಯಾರೋ ಮಾಡಿದ್ದು ಅಂತ ಜನ ನನ್ನೆದುರೇ ತೀರ್ಮಾನಿಸಿಬಿಡುತ್ತಾರೆ. ಒಂದು ಸಲ ಆದರೆ ಮರೆತು ಸುಮ್ಮನಿರಬಹುದು. ನನಗೆ ಇದು ದಿನಾ ಹಾಲು ಬಂದಷ್ಟೇ ತಪ್ಪದೆ ಆಗುತ್ತದೆ.

ವಿಷಯ ಇಷ್ಟೇ. ಹಲಸೂರಿನ ಒಂದು ವಿಮಾ ಕಚೇರಿಯಲ್ಲಿ ನನ್ನ ಕೆಲಸ. ಸಂಜೆ ಅಡುಗೆ ಮುಗಿದ ಮೇಲೆ ಪುಟ್ಟ ಮಾದರಿ ಕಾರು ಕಟ್ಟುವುದು ನನ್ನ ಹುಚ್ಚು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳು ಬರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಎಲ್ಲವೂ ಸ್ಕೇಲ್ ಪ್ರಕಾರ, ಅಂದರೆ ನಿಜವಾದ ಗಾಡಿಯ ಅಳತೆಗೆ ತಕ್ಕಷ್ಟೇ ಚಿಕ್ಕದಾಗಿ ಇರಬೇಕು. ಈ ಸಲ ಕೈಗೆತ್ತಿಕೊಂಡದ್ದು ಮಸಲ್ ಕಾರ್ ಅನ್ನುತ್ತಾರಲ್ಲ, ಹಳೇ ಕಾಲದ ಅಮೆರಿಕದ ಉದ್ದ ಮೂತಿಯ ಗಾಡಿ, ಅದನ್ನು. ದಸರಾ ಆದ ಮೇಲಿನ ಭಾನುವಾರ ರಿಚರ್ಡ್ಸ್ ಟೌನಿನ ಹಾಲ್ ಒಂದರಲ್ಲಿ ಇಂಥವುಗಳ ಪ್ರದರ್ಶನವಿತ್ತು, ಬಹುಮಾನವೂ ಇತ್ತು. ಬಹುಮಾನ ಹಾಳಾಗಲಿ. ಒಮ್ಮೆಯಾದರೂ ನಾಲ್ಕು ಜನರ ಮುಂದೆ ಯಾರಾದರೂ 'ಇದನ್ನು ಮಾಡಿದ್ದು ಇವಳು' ಅನ್ನಲಿ ಎಂಬುದು ನನ್ನ ಹಟ.

ಗಾಡಿ ಎಲ್ಲಿದೆ?

ಕಾರಿನ ಮೈಗೆ ಹಚ್ಚಲು ಕಡುನೀಲಿ ಬೇಕಿತ್ತು. ಶಿವಾಜಿನಗರದಲ್ಲಿ ಗಾಡಿಗಳ ಬಣ್ಣ ಮಾರುವ ಅಂಗಡಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಅಂಗಡಿಯವರು, "ಸಾರ್‌ಗೆ ಫೋನ್ ಹಾಕಿ ಕೊಡಿ ಮೇಡಂ, ಯಾವ ಶೇಡ್ ಅಂತ ಅವರನ್ನೇ ಕೇಳ್ತೀನಿ" ಅಂದರು.

"ಸಾರ್‌ಗೆ ನೀಲಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗಲ್ಲ. ನನ್ನನ್ನೇ ಕೇಳಿ."

"ಹಾಗಾದ್ರೆ ಗಾಡಿ ತೋರ್ಸಿ, ಮ್ಯಾಚ್ ಮಾಡಿ ಕೊಡ್ತೀನಿ. ತಂದಿದ್ದೀರಾ?"

ತಂದಿದ್ದೇನೆ ಅಂದೆ. ಅವರು ಕೌಂಟರ್ ದಾಟಿ ರಸ್ತೆಗೇ ಬಂದು, ಆಟೋಗಳ ನಡುವೆ ಕತ್ತು ಚಾಚಿ ಹುಡುಕಿದರು. ಎಲ್ಲಿ ಪಾರ್ಕ್ ಮಾಡಿದ್ದೀರಿ ಅಂತ ಕೇಳಿದರು. ನಾನು ಬ್ಯಾಗಿನಿಂದ ಟಿಫಿನ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಒಳಗೆ ಹತ್ತಿಯ ಮೇಲೆ ಕಾರು ಮಲಗಿತ್ತು.

ಅಂಗಡಿಯವರು ಡಬ್ಬಿಯನ್ನು ಕೈಗೆತ್ತಿಕೊಂಡರು. ಕನ್ನಡಕ ಹಾಕಿಕೊಂಡು ಬಾಗಿಲು, ಗಾಜು, ಸೀಟು ಎಲ್ಲ ನೋಡಿದರು. ಪಕ್ಕದ ಸೀಟ್ ಕವರ್ ಅಂಗಡಿಯವರನ್ನೂ ಕರೆದು ತೋರಿಸಿದರು. ಅಂತೂ ಕಲೆ ತಿಳಿದವರೊಬ್ಬರು ಸಿಕ್ಕರು ಅಂತ ನನ್ನ ಎದೆ ಉಬ್ಬಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ನನಗೆ ಒಪ್ಪಿಸುತ್ತಾ ಅವರು ಹೇಳಿದರು: "ಸಾರ್ ಕೈ ಸೂಪರ್ ಮೇಡಂ."

ಯಾರ ಸಲುವಾಗಿ?

ಮರುದಿನ ಉಗುರಿನ ಸಂದಿಯಲ್ಲಿ ನೀಲಿ ಉಳಿದಿತ್ತು. ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಧಾರವಾಡ ಕಡೆಯವರು, ಒಳ್ಳೆಯ ಮನುಷ್ಯ. "ಏನ್ರೀ ಮೇಡಂ, ಮಗನ ಸಾಲಿ ಪ್ರಾಜೆಕ್ಟ್ ಏನು?" ಅಂದರು.

ನನಗೆ ಮಗನಿಲ್ಲ, ಮಗಳು. ಅವಳು ಸ್ಕೂಲು ಬಿಟ್ಟು ಎಷ್ಟೋ ವರ್ಷವಾಯಿತು ಅಂದೆ. ಕಾರು ಕಟ್ಟುತ್ತಿರುವುದನ್ನೂ ಹೇಳಿದೆ.

"ಹೌದ್ರೀ? ಯಾರಿಗರೆ ಗಿಫ್ಟ್ ಕೊಡಾಕೇನು?"

"ಇಲ್ಲ."

"ಮಾರಾಕೇನು?"

"ಇಲ್ಲ ರೀ."

"ಮತ್ತ ಯಾರ ಸಲುವಾಗಿ ಮಾಡಾಕತ್ತೀರಿ?"

"ನನಗೋಸ್ಕರ."

ಅವರು ಪೆನ್ನು ಕೆಳಗಿಟ್ಟರು. ಮುಖದಲ್ಲಿ ನಿಜವಾದ ಮರುಕ ಕಂಡಿತು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, "ಇರಲಿ ಬಿಡ್ರೀ ಮೇಡಂ. ಎಲ್ಲಾ ಸರಿ ಹೋಗ್ತದ" ಅಂದರು.

ರಿಜೆಕ್ಟ್

ನಮ್ಮ ಮಾವನವರು ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರು ಕೆಲಸ ಬಿಟ್ಟರು, ತಪಾಸಣೆ ಬಿಡಲಿಲ್ಲ. ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ಇಡ್ಲಿ ಕೂಡ ಒಂದೇ ಸಲಕ್ಕೆ ಪಾಸಾದದ್ದಿಲ್ಲ. ಕಾರಿಗೆ ಸ್ಟಿಯರಿಂಗ್ ಕೂರಿಸಿದ ದಿನ ಎತ್ತಿ ನೋಡಿ, "ರಿಜೆಕ್ಟ್. ಸ್ಟಿಯರಿಂಗ್ ಎಡಕ್ಕೆ ಹಾಕಿದ್ದೀಯ" ಅಂದರು.

"ಅಮೆರಿಕದ ಗಾಡಿ ಮಾವ. ಅಲ್ಲಿ ಎಡಕ್ಕೇ ಇರುತ್ತೆ."

"ಇದು ಅಮೆರಿಕದಲ್ಲಿ ಓಡುತ್ತಾ?"

"ಇಲ್ಲ ಮಾವ, ಇದು ಎಲ್ಲೂ ಓಡಲ್ಲ."

ಅವರು ಕಾರನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟರು. "ಓಡದೇ ಇರೋದು ಇಂಡಿಯಾದಲ್ಲಿ ತಾನೇ? ಬಲಕ್ಕೆ ಹಾಕು."

ಸ್ಕೇಲ್ ಪ್ರಕಾರ

ಬಣ್ಣ ಮುಗಿದ ಮೇಲೆ ನಿಜವಾದ ಕೆಲಸ ಶುರು. ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿದ್ದ ಗಾಡಿಯಂತೆ ಕಾಣಬೇಕು ಅಂತ ಸ್ಪಂಜಿನ ಚೂರಿನಿಂದ ಕಂದು ಬಣ್ಣ ಒತ್ತಿ ತುಕ್ಕು ಹಿಡಿಸಿದೆ. ಬಣ್ಣದ ಸೀಮೆಸುಣ್ಣವನ್ನು ನುಣ್ಣಗೆ ಅರೆದು, ಕುಂಚದಲ್ಲಿ ಒಂದೊಂದು ಸಂದಿಗೂ ಧೂಳು ಕೂರಿಸಿದೆ. ಮನೆಯ ಧೂಳು ಹೊಡೆಯಲು ಬಿಡುವಿಲ್ಲದವಳು ಕಾರಿಗೆ ಧೂಳು ಹಚ್ಚುತ್ತಾ ಕೂತಿದ್ದೇನೆ ಅಂತ ಮನೆಯಲ್ಲೆಲ್ಲ ಮಾತಾಯಿತು. ಆಗಲಿ ಅಂದುಕೊಂಡೆ.

ಆಯುಧಪೂಜೆಯ ಬೆಳಿಗ್ಗೆ ನಾನು ಹೂವು ತರಲು ಹೋಗಿದ್ದೆ. ಬಂದು ನೋಡಿದರೆ ಅಂಗಳದಲ್ಲಿ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರದ ಸಾಲಿನಲ್ಲಿ ಕೊನೆಗೆ ನನ್ನ ಕಾರು. ಮೈಯೆಲ್ಲ ಒದ್ದೆ, ಫಳಫಳ ಹೊಳೆಯುತ್ತಿದೆ. ತುಕ್ಕು ಉಳಿದಿತ್ತು, ಧೂಳು ಒಂದು ಕಣವೂ ಇರಲಿಲ್ಲ. ಬಾನೆಟ್ ಮೇಲೆ ವಿಭೂತಿ, ಅದರ ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ.

"ಮಾವ, ಆ ಧೂಳು ನಾನು ಹಚ್ಚಿದ್ದು" ಅಂದೆ. ಅಳು ಬಂದಿತ್ತು, ಸಿಟ್ಟು ಅದಕ್ಕಿಂತ ಮುಂದೆ ಬಂದಿತ್ತು.

"ಹಬ್ಬದ ದಿನ ಗಾಡಿ ಕೊಳಕಾಗಿದ್ರೆ ನೋಡಿದವರು ಏನಂತಾರೆ? ಉಜ್ಜಿ ಉಜ್ಜಿ ಸಾಕಾಯ್ತು."

ಬಗ್ಗಿ ನೋಡಿದೆ. ನಾಲ್ಕು ಚಕ್ರದ ಕೆಳಗೂ ಏನೋ ಬಿಳಿ ಕಾಳು. ಇದೇನು ಅಂತ ಕೇಳಿದೆ.

"ನಿಂಬೆ ಬೀಜ. ಪೂರ್ತಿ ಹಣ್ಣಿಟ್ಟರೆ ಗಾಡಿನೇ ಅದರ ಮೇಲೆ ಕೂತುಬಿಡುತ್ತೆ. ಸ್ಕೇಲ್ ಪ್ರಕಾರ ಇರಬೇಕು ಅಂತ ನೀನೇ ಹೇಳ್ತಿರ್ತೀಯಲ್ಲ?" ಆಮೇಲೆ ಮಂಗಳಾರತಿ ಎತ್ತಿ, ನನ್ನ ಮದುವೆಯಾದಾಗಿನಿಂದ ಒಮ್ಮೆಯೂ ಅವರ ಬಾಯಿಂದ ಕೇಳದ ಮಾತು ಹೇಳಿದರು: "ಈಗ ಪಾಸ್."

ಮಾಡಿದವರು ಯಾರು?

ಧೂಳನ್ನು ಹೇಗೋ ಮತ್ತೆ ಹಚ್ಚಿದೆ. ಕುಂಕುಮ ಮಾತ್ರ ಬಣ್ಣದೊಳಕ್ಕೇ ಇಳಿದಿತ್ತು, ಒರೆಸಿದಷ್ಟೂ ಹರಡುತ್ತಿತ್ತು. ಒಂದು ಬೀಜ ಟೈರಿಗೆ ಅಂಟಿ ಕೂತಿತ್ತು. ಕೀಳಲು ಹೋದರೆ ಟೈರೇ ಬರುವ ಹಾಗಿತ್ತು. ಹಾಗೇ ಒಯ್ದೆ. ನಮ್ಮನೆಯವರು ಬ್ಯಾಗು ಹಿಡಿದು ಬಂದರು. ಮಾವನವರು ಕರೆಯದೆಯೇ ಇಸ್ತ್ರಿ ಶರ್ಟು ಹಾಕಿ ಆಟೋದಲ್ಲಿ ಮೊದಲು ಕೂತಿದ್ದರು.

ಹಾಲ್‌ನಲ್ಲಿ ಬಂದವರೆಲ್ಲ ನಮ್ಮನೆಯವರನ್ನೇ ಕೇಳಿದರು. "ಈ ತುಕ್ಕು ಹೇಗೆ ತಂದ್ರಿ ಸಾರ್?"

"ನಂಗೇನೂ ಗೊತ್ತಿಲ್ಲ. ನಾನು ಟಿವಿ ನೋಡ್ತಿರ್ತೀನಿ" ಅಂದರು ಅವರು. ಎಷ್ಟು ವಿನಯ ಅಂತ ಜನ ಕೈಕುಲುಕಿದರು. ನಾನು ಪಕ್ಕದಲ್ಲೇ ಇದ್ದೆ. ಒಬ್ಬರು ನನ್ನನ್ನು ಟಾಯ್ಲೆಟ್ ಎಲ್ಲಿ ಅಂತ ಕೇಳಿದರು.

ಕೊನೆಗೆ ಭೂತಗನ್ನಡಿ ಹಿಡಿದಿದ್ದ ತೀರ್ಪುಗಾರರು ಮೈಕ್ ತೆಗೆದುಕೊಂಡು, ಸೂಕ್ಷ್ಮ ಕೆಲಸದ ಬಹುಮಾನ ನೀಲಿ ಕಾರಿಗೆ ಅಂದರು. "ಬನ್ನಿ ಸಾರ್" ಅಂತ ನಮ್ಮನೆಯವರತ್ತ ಕೈ ಚಾಚಿದರು. ನನಗೆ ಇನ್ನು ತಡೆಯಲಾಗಲಿಲ್ಲ. ನೇರ ವೇದಿಕೆಗೆ ಹೋಗಿ ಮೈಕ್ ಕಿತ್ತುಕೊಂಡೆ. "ಈ ಕಾರು ಮಾಡಿದ್ದು ಇವರಲ್ಲ, ನಾನು. ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಹೆಸರು ಹಾಕೋದು ಇನ್ನಾದರೂ ನಿಲ್ಲಿಸಿ" ಅಂದೆ. ಹಾಲ್ ತುಂಬ ಚಪ್ಪಾಳೆ.

ತೀರ್ಪುಗಾರರು ಕ್ಷಮೆ ಕೇಳಿದರು. "ತುಕ್ಕು, ಧೂಳು ಎಲ್ಲರೂ ಮಾಡ್ತಾರೆ ಮೇಡಂ. ನಾವು ಬಹುಮಾನ ಕೊಟ್ಟಿದ್ದು ಬಾನೆಟ್ ಮೇಲೆ ಹರಡಿರೋ ಕುಂಕುಮಕ್ಕೆ, ಟೈರಿಗೆ ಅಂಟಿರೋ ಆ ನಿಂಬೆ ಬೀಜಕ್ಕೆ. ಹಬ್ಬ ಮುಗಿದ ಮೇಲೆ ನಮ್ಮ ಗಾಡಿಗಳು ಇರೋದೇ ಹೀಗೆ. ಅದೂ ನಿಮ್ಮ ಐಡಿಯಾನೇ?"

ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. "ಹೂಂ, ಎಲ್ಲಾ ನಾನೇ" ಅಂದುಬಿಟ್ಟೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ ಅಂತು. ಮಾವನವರು ಎದ್ದು ನಿಂತರು. ಮೈಕ್ ಅವರಿಗೆ ಬೇಕಾಗಲಿಲ್ಲ. "ಕುಂಕುಮ ಇಟ್ಟಿದ್ದು ನಾನು, ಬೀಜ ಇಟ್ಟಿದ್ದೂ ನಾನು" ಅಂದರು. "ಈಗ ತಾನೇ ಅಷ್ಟು ದೊಡ್ಡ ಭಾಷಣ ಮಾಡ್ದೆ, ನೀನೇ ಹೀಗೆ ಮಾಡಿದ್ರೆ ಹೇಗಮ್ಮಾ?"

ಸರ್ಟಿಫಿಕೇಟಿನಲ್ಲಿ ಈಗ ಇಬ್ಬರ ಹೆಸರೂ ಇದೆ. ಅವರದು ಮೊದಲು.