ಹೆದರಿ ಹೆದರಿ ಸಯನ್ಸ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ಎಡ್ಮಿಷನ್ ಮೇಜಿನೆದುರು ಕೂತವರ ಮುಖ ನೋಡಿದರೆ, ಇದು ಕಾಲೇಜೋ ಹಲ್ಲಿನ ಡಾಕ್ಟರ ಕ್ಲಿನಿಕ್ಕೋ ಎಂದು ಅನುಮಾನ ಬರುತ್ತದೆ. ಮಂಗಳೂರಿನ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುವ ನನಗೆ ವರ್ಷವೂ ಆ ಮೇಜಿನ ಡ್ಯೂಟಿ. ಮಕ್ಕಳಿಗೆ ಹೆತ್ತವರ ಹೆದರಿಕೆ, ಹೆತ್ತವರಿಗೆ ಭವಿಷ್ಯದ ಹೆದರಿಕೆ, ನಡುವೆ ಕೂತ ನನಗೆ ಎಲ್ಲರದ್ದೂ.

ಜಿರಳೆ

ಬೋಳಾರದ ಒಬ್ಬ ತಾಯಿಗೆ ಮಗಳು ಡಾಕ್ಟರೇ ಆಗಬೇಕು. ಜಿರಳೆ ಕೊಯ್ಯಲಿಕ್ಕೆ ತನ್ನಿಂದಾಗದು, ಬಯಾಲಜಿ ಬೇಡ ಎಂದು ಹುಡುಗಿ ಅಳುತ್ತಿದ್ದಳು. ಇಷ್ಟು ದೊಡ್ಡವಳಾಗಿ ಅಷ್ಟು ಸಣ್ಣ ಹುಳಕ್ಕೆ ಹೆದರುವುದಾ ಎಂದು ತಾಯಿ ಬುದ್ಧಿ ಹೇಳುತ್ತಿದ್ದಾಗಲೇ ನನ್ನ ಹಳೆ ಮೇಜಿನ ಡ್ರಾಯರಿನಿಂದ ಒಂದು ಜಿರಳೆ ಹೊರಗೆ ಬಂತು. ನಾನು ತಲೆಯೆತ್ತುವಾಗ ತಾಯಿ ಕುರ್ಚಿಯ ಮೇಲೆ ನಿಂತಿದ್ದರು. ಅಲ್ಲಿಂದಲೇ ಕೇಳಿದರು, "ಮೇಡಂ, ಕಂಪ್ಯೂಟರ್ ಸಯನ್ಸಿನಲ್ಲಿ ಸೀಟ್ ಉಂಟಾ?"

ಸೈರನ್

ಕಾಟಿಪಳ್ಳದ ಒಬ್ಬ ತಂದೆಗೆ ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಸೈರನ್ ಪರೀಕ್ಷೆಗೆಂದು ಊದಿದರೂ ಅವರಿಗೆ ಎದೆ ಡಬಡಬ. ಮಗನಿಗೋ ಕೆಮಿಕಲ್ ಎಂಜಿನಿಯರಿಂಗಿನ ಆಸೆ. ಬೇಡವೇ ಬೇಡ, ಮನೆಯಲ್ಲಿ ಹೆದರಿ ಸಾಯಲಿಕ್ಕೆ ಒಬ್ಬ ಸಾಕು ಎಂದರು. ಕಂಪ್ಯೂಟರ್ ಕಲಿತರೆ ಕೂತಲ್ಲೇ ಕೆಲಸ, ಎಂತದ್ದೂ ಸಿಡಿಯುವುದಿಲ್ಲ.

ಹುಡುಗ ಮೆಲ್ಲಗೆ, "ಕೂತಲ್ಲೇ ಇದ್ರೆ ಹಾರ್ಟ್ ಅಟ್ಯಾಕ್ ಆಗ್ತದಂತೆ ಅಪ್ಪ" ಎಂದ.

ತಂದೆ ಬಿಳಿಚಿಕೊಂಡರು. "ಹಾಗಾದ್ರೆ ನೀನು ಓದುವುದೇ ಬೇಡ ಮಾರಾಯ."

ಮೂವರ ಗುಟ್ಟು

ಉಳ್ಳಾಲದ ಬಟ್ಟೆ ವ್ಯಾಪಾರಿಯೊಬ್ಬರ ಮಗ ಸಯನ್ಸ್ ಸೇರಿ ವಾರವಾಗಿತ್ತಷ್ಟೆ, ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತ. ಕಾಮರ್ಸಿಗೆ ಹೋಗಬೇಕಂತೆ. "ಉಪ್ಪನಿಗೆ ಮಾತ್ರ ಹೇಳ್ಬೇಡಿ ಮೇಡಂ. ನಾನು ಎಂಜಿನಿಯರ್ ಆಗ್ತೇನೆ ಅಂತ ಇದ್ದಾರೆ."

ಮರುದಿನ ಆ ತಂದೆಯೇ ಬಂದರು. ಹುಡುಗ ಸರಿಯಾಗಿ ಊಟ ಮಾಡುವುದಿಲ್ಲ, ಕಾಮರ್ಸ್ ಓದಿ ಅಂಗಡಿ ನೋಡಿಕೊಂಡರೆ ಸಾಕು, ಆದರೆ ಹೆಂಡತಿಗೆ ಗೊತ್ತಾಗಬಾರದು ಎಂದರು. ಸಂಜೆ ಹೆಂಡತಿಯ ಫೋನ್. ಮಗ ನಿದ್ದೆಯಲ್ಲಿ ಸೂತ್ರ ಹೇಳಿ ಬೆಚ್ಚಿ ಬೀಳುತ್ತಾನೆ, ಕಾಮರ್ಸಿಗೆ ಹಾಕಿ, ಗಂಡನಿಗೆ ತಿಳಿಸಬೇಡಿ.

ಮೂವರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಎಲ್ಲಿ ಯಾರೆದುರು ಬಾಯಿ ತಪ್ಪುತ್ತದೋ ಎಂದು ನನಗೇ ಊಟ ಸೇರದಾಯಿತು. ಕೊನೆಗೆ ಮೂವರನ್ನೂ ಕರೆಸಿ, ಕಣ್ಣು ಮುಚ್ಚಿ ಎಲ್ಲ ಹೇಳಿಬಿಟ್ಟೆ. ಹುಡುಗ ಅಳಬೇಕೋ ನಗಬೇಕೋ ಗೊತ್ತಾಗದೆ ತಾಯಿಯ ಕೈ ಹಿಡಿದುಕೊಂಡ.

ಆಕೆ ಗಂಡನ ಕಡೆ ತಿರುಗಿದರು. "ಹಾಗಾದ್ರೆ ಇವ ಎಂಜಿನಿಯರ್ ಆಗ್ಬೇಕಂತ ಹೇಳಿದ್ದು ಯಾರು?"

ಅವರು ತುಂಬಾ ಹೊತ್ತು ಯೋಚಿಸಿದರು.

"ಆಚೆಮನೆಯವರು."